‘ಮೂಲಭೂತವಾದಿ’ ಅಂತ ಕುಟ್ಟುವ ಮೊದಲು

ರಾತ್ರಿ ಹತ್ತರ ಮೇಲೆ, ಪುಟ ಮುಗಿಸುವ ಗಡಿಬಿಡಿಯಲ್ಲಿ, ಅಮೆರಿಕದ ಸುದ್ದಿ ಏಜೆನ್ಸಿಯಿಂದ ಬರುತ್ತದೆ. ಅದರಲ್ಲಿ ‘ಇವ್ಯಾಂಜೆಲಿಕಲ್’ ಎಂಬ ಪದ ಕಂಡರೆ ಸಾಕು, ನಮ್ಮ ಡೆಸ್ಕಿನ ಹುಡುಗರು ‘ಕ್ರೈಸ್ತ ಮೂಲಭೂತವಾದಿಗಳು’ ಎಂದು ಕುಟ್ಟಿಬಿಡುತ್ತಾರೆ. ಇಪ್ಪತ್ತು ವರ್ಷದಿಂದ ಹೊಡೆದು ಹಾಕುತ್ತಲೇ ಇದ್ದೇನೆ. ಕೆಂಪು ಪೆನ್ನು ಹೋಯಿತು, ಪದ ಹೋಗಲಿಲ್ಲ.

ಇನ್ನು ಕೆಲವರು ‘ಧರ್ಮಪ್ರಚಾರಕರು’ ಎಂದು ಬರೆಯುತ್ತಾರೆ. 2016ರಲ್ಲಿ ‘ಶೇ 81ರಷ್ಟು ಧರ್ಮಪ್ರಚಾರಕರು ಟ್ರಂಪ್‌ಗೆ ಮತ ಹಾಕಿದರು’ ಎಂಬ ಕಾಪಿ ನನ್ನ ಮುಂದೆ ಬಂತು. ಎಲ್ಲರೂ ಪ್ರಚಾರಕ್ಕೇ ನಿಂತರೆ ಕೇಳುವವರು ಯಾರಪ್ಪಾ ಎಂದೆ. ಹುಡುಗ ನಕ್ಕ, ತಿದ್ದಿದ. ಆದರೆ ಮೂಲದಲ್ಲಿದ್ದ ‘ಬಿಳಿಯ’ ಎಂಬ ಪದ ಬಿಟ್ಟೇ ಹೋಗಿತ್ತು. ಅದೇ ಬೈಬಲ್, ಹೆಚ್ಚುಕಡಿಮೆ ಅದೇ ನಂಬಿಕೆ ಇರುವ ಕಪ್ಪು ಜನರ ಚರ್ಚುಗಳ ಮತ ಬಹುಪಾಲು ಡೆಮಾಕ್ರಟರಿಗೆ ಬೀಳುತ್ತದೆ. ಒಂದು ಪದ ಬಿಟ್ಟರೆ ಸುದ್ದಿಯೇ ಸುಳ್ಳಾಗುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ಬೇಜಾರಾದರೂ ಕೇಳಿ. ಪ್ರಚಾರಕ ಎಂದರೆ ಕೆಲಸ. ಇವ್ಯಾಂಜೆಲಿಕಲ್ ಎಂದರೆ ನಂಬಿಕೆಯ ಒಂದು ಬಗೆ: ಬೈಬಲ್ಲೇ ಕೊನೆಯ ಮಾತು, ಪ್ರತಿಯೊಬ್ಬರೂ ತಾವೇ ಮನಸ್ಸು ತಿರುಗಿಸಿ ಹೊಸದಾಗಿ ಹುಟ್ಟಬೇಕು ಎನ್ನುವವರು. ಅವರಲ್ಲಿ ನರ್ಸ್ ಇದ್ದಾರೆ, ಲಾರಿ ಓಡಿಸುವವರಿದ್ದಾರೆ, ಪ್ರೊಫೆಸರ್ ಇದ್ದಾರೆ. ಮೂಲಭೂತವಾದಿ ಎಂಬುದು ಬೇರೆಯೇ ಹಣೆಪಟ್ಟಿ. 1920ರಲ್ಲಿ ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಪತ್ರಿಕಾ ಸಂಪಾದಕ ಕರ್ಟಿಸ್ ಲೀ ಲಾಸ್ ಅದರ ಇಂಗ್ಲಿಷ್ ಪದವನ್ನು ಹೆಮ್ಮೆಯಿಂದಲೇ ಹುಟ್ಟುಹಾಕಿದ. 1925ರಲ್ಲಿ ಟೆನೆಸ್ಸಿಯ ಡೇಟನ್‌ನಲ್ಲಿ ವಿಕಾಸವಾದ ಕಲಿಸಿದ ಮೇಷ್ಟರ ವಿಚಾರಣೆ ನಡೆಯಿತು. ಎಚ್. ಎಲ್. ಮೆಂಕೆನ್ ಥರದ ವರದಿಗಾರರು ಅಲ್ಲಿನ ಭಕ್ತರನ್ನು ಹಳ್ಳಿಗಮಾರರೆಂದು ಆಡಿಕೊಂಡರು. ಅಲ್ಲಿಂದಾಚೆ ಪದ ಬೈಗುಳದ ಕಡೆಗೇ ವಾಲಿತು. ಈಗಲೂ ತಮ್ಮನ್ನು ಹಾಗೆ ಕರೆದುಕೊಳ್ಳುವ ಕೆಲವು ಬ್ಯಾಪ್ಟಿಸ್ಟ್ ಚರ್ಚುಗಳಿವೆ. ಅವರಿಗೆ ಧಾರಾಳವಾಗಿ ಬಳಸಿ. ತಾವಾಗಿ ಒಪ್ಪಿಕೊಳ್ಳದ ಗುಂಪಿಗೆ ಬೇಡ ಎಂದು ಎಪಿ ಸುದ್ದಿಸಂಸ್ಥೆಯ ಶೈಲಿ ಕೈಪಿಡಿಯೇ ಹೇಳುತ್ತದೆ.

ದೊಡ್ಡವರೂ ಎಡವಿದ್ದಾರೆ. 1993ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಮುಖಪುಟದಲ್ಲೇ ಇವ್ಯಾಂಜೆಲಿಕಲ್ ಬೋಧಕರ ಹಿಂಬಾಲಕರನ್ನು ಬಹುಪಾಲು ಬಡವರು, ಓದಿಲ್ಲದವರು, ಹೇಳಿದಂತೆ ಕೇಳುವವರು ಎಂದು ಬರೆಯಿತು. ಓದುಗರ ಫೋನ್ ಕರೆ ಸುರಿದವು. ಆ ಮಾತಿಗೆ ಆಧಾರವಿಲ್ಲ ಎಂದು ಮರುದಿನವೇ ತಿದ್ದುಪಡಿ ಹಾಕಬೇಕಾಯಿತು. ಇದನ್ನೆಲ್ಲ ಕುತಂತ್ರ ಎನ್ನಲಾರೆ. ನಾನು ಕಂಡಂತೆ ಜಾಸ್ತಿ ಪಾಲು ಸೋಮಾರಿತನ.

ನನ್ನದೂ ಇದೆ. 2011ರಲ್ಲಿ ಸೈನಿಕರ ಅಂತ್ಯಕ್ರಿಯೆ ಎದುರು ಹೊಲಸು ಬೋರ್ಡ್ ಹಿಡಿಯುತ್ತಿದ್ದ ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚ್‌ನ ಪರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಾನು ತಲೆಬರಹದಲ್ಲಿ ಸುಮ್ನೆ ‘ಬ್ಯಾಪ್ಟಿಸ್ಟರು’ ಎಂದೆ. ಆ ಚರ್ಚ್‌ನಲ್ಲಿದ್ದವರು ಎಪ್ಪತ್ತರ ಆಸುಪಾಸು, ಹೆಚ್ಚಿನವರು ಒಂದೇ ಕುಟುಂಬದವರು. ಅಮೆರಿಕದ ಬ್ಯಾಪ್ಟಿಸ್ಟರಲ್ಲಿ ಒಂದು ಗುಂಪಾದ ಸದರ್ನ್ ಬ್ಯಾಪ್ಟಿಸ್ಟರೇ ಆಗ ಸುಮಾರು 1.6 ಕೋಟಿ. ಬೆಳಿಗ್ಗೆ ಒಬ್ಬ ಅಜ್ಜಿ ಫೋನ್ ಮಾಡಿದರು. “ನಾನು ಬ್ಯಾಪ್ಟಿಸ್ಟ್ ಕಣಪ್ಪಾ. ನನ್ನ ಮೊಮ್ಮಗ ಸೈನ್ಯದಲ್ಲಿದ್ದಾನೆ. ನಾನು ಹೆಣದ ಮುಂದೆ ಬೋರ್ಡ್ ಹಿಡಿಯುವವಳಾ?” ನನ್ನ ಹತ್ತಿರ ಉತ್ತರವಿರಲಿಲ್ಲ.

ಅಂದಹಾಗೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಮೊಗ್ಲಿಂಗ್ ಕೂಡ ಇಂಥದೇ ಬೈಬಲ್ ನಿಷ್ಠರ ಪರಂಪರೆಯಿಂದ ಬಂದವರು. ನಮ್ಮ ವೃತ್ತಿಯ ಹಿರಿಯಜ್ಜನಿಗೆ ಇವತ್ತಿನ ಡೆಸ್ಕ್ ಏನು ಹಣೆಪಟ್ಟಿ ಹಚ್ಚುತ್ತಿತ್ತೋ!

ಮೊನ್ನೆ ಟ್ರೈನಿ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಚರ್ಚಿನವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ ಅಂತ ಕಾಪಿಯಲ್ಲಿ ಇಲ್ವಲ್ಲ?”

“ಚರ್ಚ್ ಹೆಸರು ಬರಿಯಮ್ಮ. ಅವರು ಮಾಡಿದ್ದೇನು ಅಂತ ಬರಿ.”

“ಎರಡು ಕಾಲಂ ತಲೆಬರಹದಲ್ಲಿ ಅಷ್ಟು ಹಿಡಿಸಲ್ಲ, ಸರ್.”

ಅದೂ ನಿಜವೇ. ಮೂರು ಕಾಲಂ ಕೊಟ್ಟೆ.