ಹಗ್ಗ ಅದೇ, ಗಾಲಿ ಅದೇ

ಬಾಗಲಕೋಟೆಯಲ್ಲಿ ಉಳ್ಳಾಗಡ್ಡಿ ಲಾರಿಗೆ ತಾಡಪತ್ರಿ ಬಿಗಿಯುವುದನ್ನು ನಿಂತು ನೋಡಿ. ಕ್ಲೀನರ್ ಹುಡುಗ ಮೇಲಿಂದ ಇಳಿದ ಹಗ್ಗದ ನಡುವೆ ಒಂದು ಕುಣಿಕೆ ಹಾಕುತ್ತಾನೆ. ತುದಿಯನ್ನು ಕೆಳಗಿನ ಕೊಂಡಿಗೆ ಸುತ್ತಿ, ಮೇಲೆ ತಂದು, ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಜಗ್ಗುತ್ತಾನೆ. ಈಗ ಕುಣಿಕೆಯನ್ನು ಮೂರು ಎಳೆಗಳು ಕೆಳಕ್ಕೆ ಎಳೆಯುತ್ತವೆ. 10 ಕೆಜಿ ಜಗ್ಗಿದರೆ ಮೇಲೆ 30 ಕೆಜಿ ಬಿಗಿ ಬರಬೇಕು. ಬರುವುದಿಲ್ಲ. ನಡುವೆ ಘರ್ಷಣೆ ತನ್ನ ಪಾಲು ತಿನ್ನುತ್ತದೆ.

ಆಲಮಟ್ಟಿ ಹಿನ್ನೀರಿನಲ್ಲಿ ನಾನು ಓಡಿಸುವ ಪುಟ್ಟ ಹಾಯಿದೋಣಿಯಲ್ಲೂ ಇದೇ ಕಟ್ಟು ಇದೆ. ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಕೋಲಿಗೆ ಬೂಮ್ ಅನ್ನುತ್ತಾರೆ. ಗಾಳಿ ತುಂಬಿದರೆ ಅದು ಮೇಲೇಳುತ್ತದೆ. ಏಳದಂತೆ ಕಂಬದ ಬುಡಕ್ಕೆ ಓರೆಯಾಗಿ ಎಳೆದು ಹಿಡಿಯುವ ಹಗ್ಗವೇ ಕಿಕ್ಕರ್. ಅದು ಬೂಮಿಗೆ ಸೇರುವುದು ಕಂಬದ ಹತ್ತಿರವೇ. ಬಾಗಿಲನ್ನು ಕೀಲಿನ ಪಕ್ಕ ಹಿಡಿದು ತಳ್ಳಿದ ಹಾಗೆ, ಬಲ ಜಾಸ್ತಿ ಬೇಕು. ಅದಕ್ಕೇ ಮೂರು ಎಳೆ.

ಹಗ್ಗ ತಿರುಗುವ ಜಾಗ ಎರಡು, ನನ್ನ ಬಳಿ ಒಳ್ಳೆಯ ಗಾಲಿ (ರಾಟೆ) ಒಂದೇ ಇತ್ತು. ಇನ್ನೊಂದರ ಬದಲಿಗೆ ಉಕ್ಕಿನ ಬಳೆ. ಗಟ್ಟಿ ಜಾಗ ಅಲ್ವಾ ಅಂತ ಗಾಲಿಯನ್ನು ಕಂಬದ ಬುಡಕ್ಕೆ ಹಾಕಿ, ಬಳೆಯನ್ನು ಬೂಮಿಗೆ ಕಟ್ಟಿದೆ.

ಲೆಕ್ಕ ಹಾಕಿ ನೋಡಿ. ಗಾಲಿ ದಾಟಿದ ಹಗ್ಗದಲ್ಲಿ ಹತ್ತರಲ್ಲಿ 9 ಪಾಲು ಸೆಳೆತ ಉಳಿಯುತ್ತದೆ, ಬಳೆ ದಾಟಿದರೆ ಅರ್ಧ ಅಂದುಕೊಳ್ಳೋಣ. ಕೈಯಿಂದ ಹೊರಟ ಹಗ್ಗ ಮೊದಲು ಬೂಮಿನ ಬಳೆಗೆ ಹೋಗುತ್ತದೆ. ಕೈಯ ಎಳೆ 10, ಎರಡನೆಯದು 5, ಮೂರನೆಯದು 4.5. ಒಟ್ಟು 19.5 ಕೆಜಿ. ಈಗ ಗಾಲಿ ಮೇಲೆ, ಬಳೆ ಕೆಳಗೆ: 10, 9, 4.5. ಒಟ್ಟು 23.5! ಮೂರನೆಯ ಎಳೆ ಎರಡರಲ್ಲೂ ಒಂದೇ, ಬದಲಾದದ್ದು ನಡುವಿನದು ಮಾತ್ರ. ಕೈಗೆ ಮೊದಲು ಸಿಗುವ ತಿರುವಿನಲ್ಲಿ ಕಳೆದುಕೊಂಡದ್ದು ಮುಂದಿನ ಎಲ್ಲ ಎಳೆಗಳಲ್ಲೂ ಕಡಿಮೆಯಾಗುತ್ತದೆ.

ಇದು ನನಗೆ ತಿಳಿದದ್ದು ಒದ್ದೆಯಾದ ಮೇಲೆ. ಜೋರು ಗಾಳಿ ಬೀಸಿದಾಗ ಕಿಕ್ಕರ್ ಸಡಿಲಿಸಬೇಕು. ಆಗ ಹಾಯಿಯ ಮೇಲ್ಭಾಗ ತಿರುಚಿಕೊಂಡು ಗಾಳಿಯನ್ನು ಬಿಟ್ಟುಕೊಡುತ್ತದೆ. ನಾನು ಕೈ ಬಿಟ್ಟೆ, ಬಳೆ ಬಿಡಲಿಲ್ಲ. ಬೂಮಿನ ತುದಿ ನೀರಿಗೆ ತಾಗಿತು. ಹಾಯಿ ಹೊರಕ್ಕೆ ಹೋಗಲಾರದೆ ದೋಣಿ ಮಗುಚಿತು. ಲೈಫ್ ಜಾಕೆಟ್ ಹಾಕಿದ್ದೆ, ಚಪ್ಪಲಿ ಮಾತ್ರ ತೇಲಿಹೋಯಿತು.

ಮನೆಗೆ ಬಂದು ಗಾಲಿ ಮತ್ತು ಬಳೆಯನ್ನು ಅದಲುಬದಲು ಮಾಡಿದೆ. ಐದು ನಿಮಿಷದ ಕೆಲಸ.