ಮೊಳೆ ಬಿಟ್ಟ ಕೈಗಳು ಎಲ್ಲಿಗೆ ಹೋದವು?

ಒಂದು ಕಸುಬು ಮುಳುಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಸೀಸದ ಅಕ್ಷರಗಳನ್ನು, ಅಂದರೆ ಅಚ್ಚುಮೊಳೆಗಳನ್ನು, ಜೋಡಿಸುತ್ತಿದ್ದ ಕಂಪೋಸಿಟರ್‌ಗಳ ಉದಾಹರಣೆ ಹೊರಬರುತ್ತದೆ. ಅಚ್ಚುಮೊಳೆ ಹೋಯಿತು, ಕಂಪ್ಯೂಟರ್ ಬಂತು, ಜನ ಹೊಸದನ್ನು ಕಲಿತು ಮುಂದೆ ಸಾಗಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಅವರು ಕಲಿತದ್ದು ಏನನ್ನು, ಎಷ್ಟು ಸಲ, ಕಲಿತದ್ದು ಎಷ್ಟು ದಿನ ಬಾಳಿತು ಎಂಬ ಭಾಗ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಗುಟೆನ್‌ಬರ್ಗ್‌ನ ನಂತರದ ನಾಲ್ಕು ಶತಮಾನ ಈ ಕೆಲಸ ಹೆಚ್ಚು ಬದಲಾಗಲಿಲ್ಲ: ಮೊಳೆಗಳನ್ನು ಒಂದೊಂದಾಗಿ ಆಯ್ದು ಸ್ಟಿಕ್ ಎಂಬ ಕೈಪಟ್ಟಿಯಲ್ಲಿ ಜೋಡಿಸುವುದು, ಅಚ್ಚಾದ ಮೇಲೆ ಬಿಚ್ಚಿ ಅವುಗಳ ಖಾನೆಗಳಿಗೆ ಮರಳಿ ಹಂಚುವುದು. 1886ರಲ್ಲಿ ಓಟ್ಮಾರ್ ಮೆರ್ಗೆಂಥಾಲರ್‌ನ ಲೈನೋಟೈಪ್ ಯಂತ್ರ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸ ಆರಂಭಿಸಿದಾಗ ಮೊದಲ ಗಾಬರಿ ಹುಟ್ಟಿತು. ಕರಗಿದ ಸೀಸದಿಂದ ಇಡೀ ಸಾಲನ್ನೇ ಎರಕ ಹೊಯ್ಯುವ ಯಂತ್ರ ಅದು. ಅಮೆರಿಕದ ಮುದ್ರಣ ಕಾರ್ಮಿಕರ ಸಂಘ ಅದನ್ನು ಒಡೆಯಲು ಹೋಗಲಿಲ್ಲ. ಯಂತ್ರ ಬರಲಿ, ಆದರೆ ನಡೆಸುವವರು ನಮ್ಮ ಕಸುಬುದಾರರೇ ಆಗಿರಲಿ ಎಂದು ಪಟ್ಟು ಹಿಡಿಯಿತು. ಪತ್ರಿಕೆಗಳ ಪುಟಗಳು ಹೆಚ್ಚಿದವು, ಕೆಲಸವೂ ಹೆಚ್ಚಿತು. ‘ಹೊಂದಿಕೊಂಡರು’ ಎಂಬ ಮಾತು ನಿಜವಾಗಿ ಸಲ್ಲುವುದು ಈ ಹಂತಕ್ಕೆ.

ಎರಡನೆಯ ಅಲೆಯ ಕಥೆ ಬೇರೆ. ಎರಕದ ಯಂತ್ರವನ್ನು ತಾನಾಗಿ ನಡೆಸುವ ಪಂಚ್ ಮಾಡಿದ ಕಾಗದದ ಸುರುಳಿ, ಅಕ್ಷರಗಳನ್ನು ಫೋಟೋ ಕಾಗದದ ಮೇಲೆ ಮೂಡಿಸುವ ಫೋಟೋ ಜೋಡಣೆ, ಕೊನೆಗೆ ಕಂಪ್ಯೂಟರ್ ಒಂದರ ಹಿಂದೆ ಒಂದು ಬಂದವು. ನ್ಯೂಯಾರ್ಕ್‌ನಲ್ಲಿ 1962ರ ಡಿಸೆಂಬರ್‌ನಲ್ಲಿ ಶುರುವಾದ ಪತ್ರಿಕಾ ಮುದ್ರಣ ಕಾರ್ಮಿಕರ ಮುಷ್ಕರ 114 ದಿನ ನಡೆಯಿತು. ಬೇಡಿಕೆ ಸಂಬಳದ್ದು, ಅದರ ಹಿಂದಿನ ದಿಗಿಲು ಯಂತ್ರದ್ದು. ಆಗ ‘ಬೋಗಸ್’ ಎಂಬ ಪದ್ಧತಿಯೂ ಇತ್ತು: ಹೊರಗಿನಿಂದ ಸಿದ್ಧವಾಗಿ ಬಂದ ಜಾಹೀರಾತನ್ನು ಕಂಪೋಸಿಟರ್ ಮತ್ತೊಮ್ಮೆ ಜೋಡಿಸುತ್ತಿದ್ದ, ಕರಡು ತಿದ್ದಲಾಗುತ್ತಿತ್ತು, ಆಮೇಲೆ ಆ ಸೀಸ ಕರಗುವ ಕಡಾಯಿಗೆ ಹೋಗುತ್ತಿತ್ತು. ಇದನ್ನು ನೆನೆದು ನಗುವುದು ಸುಲಭ. ಆರು ವರ್ಷ ಶಿಷ್ಯವೃತ್ತಿ ಮಾಡಿ ಕಲಿತ ಕೈಗೆ ಬೇರೆ ಯಾವ ಭದ್ರತೆಯೂ ಇಲ್ಲದಿದ್ದಾಗ ಇಂಥ ವಿಚಿತ್ರಗಳು ಹುಟ್ಟುತ್ತವೆ.

1974ರಲ್ಲಿ ಅಲ್ಲಿನ ದೊಡ್ಡ ಪತ್ರಿಕೆಗಳ ಜೊತೆ ಹನ್ನೊಂದು ವರ್ಷದ ಒಪ್ಪಂದವಾಯಿತು. ಯಂತ್ರೀಕರಣಕ್ಕೆ ಸಂಘ ತಡೆ ಒಡ್ಡುವುದಿಲ್ಲ, ಪ್ರತಿಯಾಗಿ ಈಗಿರುವ ಕಾಯಂ ನೌಕರರಿಗೆ ಜೀವನಪೂರ್ತಿ ಕೆಲಸದ ಖಾತರಿ. ನ್ಯೂಯಾರ್ಕ್ ಟೈಮ್ಸ್‌ನ 1978ರ ಜುಲೈ 2ರ ಸಂಚಿಕೆ ಸೀಸದ ಮೊಳೆಯಲ್ಲಿ ಸಿದ್ಧವಾದ ಕೊನೆಯದು. ಆಮೇಲಿನ ಸಂಚಿಕೆಗಳು ಫೋಟೋ ಕಾಗದದಲ್ಲಿ.

ಮರುತರಬೇತಿ ಎಂಬ ಪದದ ಒಳಗೆ ಏನಿತ್ತು ಎಂಬುದು ಇಲ್ಲಿ ಕಾಣುತ್ತದೆ. ಲೈನೋಟೈಪ್‌ನ ಕೀಲಿಮಣೆಯಲ್ಲಿ 90 ಕೀಲಿಗಳು. ಸಣ್ಣಕ್ಷರ ಎಡಕ್ಕೆ, ದೊಡ್ಡಕ್ಷರ ಬಲಕ್ಕೆ, ಶಿಫ್ಟ್ ಕೀಲಿಯೇ ಇಲ್ಲ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಗಳು ಎಡ ತುದಿಯಲ್ಲಿ ಸಾಲಾಗಿ ಇರುತ್ತಿದ್ದವು. ಕಂಪ್ಯೂಟರಿನದು ಟೈಪ್‌ರೈಟರ್‌ನ ವಿನ್ಯಾಸ. ಮೂವತ್ತು ವರ್ಷ ಪಳಗಿದ ಬೆರಳುಗಳಿಗೆ ಕಲಿಯುವುದಕ್ಕಿಂತ ಮರೆಯುವುದೇ ಕಷ್ಟವಾಯಿತು. ಅದೇ ತಾನೇ ಟೈಪಿಂಗ್ ಕಲಿತು ಬಂದವರು ಅವರಿಗಿಂತ ಮುಂದೆ. ಹಲವರನ್ನು ಪೇಸ್ಟ್-ಅಪ್‌ಗೆ ಹಾಕಲಾಯಿತು: ಮುದ್ರಿತ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸುವುದು. ಸೀಸದಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಓದುತ್ತಿದ್ದ ಕಣ್ಣಿಗೆ ಅಲ್ಲಿ ಕೆಲಸವಿರಲಿಲ್ಲ, ಎರಡು ಸಾಲುಗಳ ನಡುವಿನ ಅಂತರ ಅಳೆಯುವ ಕಣ್ಣಿಗೆ ಮಾತ್ರ ಇತ್ತು. ಉಳಿದು ಬಂದ ಕೌಶಲ ಅಷ್ಟೇ.

ಲೆಕ್ಕಕ್ಕೇ ಸಿಗದ ನಷ್ಟವೂ ಒಂದಿದೆ. ಯಂತ್ರಗಳ ಗದ್ದಲ ತೊಂದರೆ ಕೊಡದ ಕಾರಣ ಅಮೆರಿಕದ ಅಚ್ಚುಕೋಣೆಗಳಲ್ಲಿ ಅನೇಕ ಕಿವುಡರು ದುಡಿಯುತ್ತಿದ್ದರು. ಕಿವುಡರ ಶಾಲೆಗಳೇ ಮುದ್ರಣ ಕಲಿಸುತ್ತಿದ್ದವು. ಕೈಸನ್ನೆಯ ಭಾಷೆ ಅಲ್ಲಿ ಅಪರೂಪವಾಗಿರಲಿಲ್ಲ. ಅಂಥ ಒಬ್ಬನಿಗೆ ಬೇರೆ ಉದ್ಯೋಗ ಎಂದರೆ ಬರಿಯ ಬೇರೆ ಮೇಜಲ್ಲ, ತನ್ನ ಭಾಷೆ ನಡೆಯುವ ಜಾಗವನ್ನೇ ಬಿಡುವುದು.

ಲಂಡನ್‌ನಲ್ಲಿ ಇಷ್ಟು ಸಮಯವೂ ಸಿಗಲಿಲ್ಲ. 1986ರ ಜನವರಿಯಲ್ಲಿ ರೂಪರ್ಟ್ ಮರ್ಡೋಕ್ ಒಡೆತನದ ಪತ್ರಿಕೆಗಳ ಮುದ್ರಣ ವಾಪಿಂಗ್‌ನ ಹೊಸ ಸ್ಥಾವರಕ್ಕೆ ಸಾಗಿತು, ಮುಷ್ಕರ ಹೂಡಿದ ಸುಮಾರು 6,000 ಮಂದಿ ಕೆಲಸ ಕಳೆದುಕೊಂಡರು. ಒಂದು ವರ್ಷ ದಾಟಿ ನಡೆದ ಧರಣಿ ಬರಿಗೈಯಲ್ಲಿ ಮುಗಿಯಿತು.

1985ರಲ್ಲಿ ಬಂದ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶ ಮತ್ತು ಆ ಹೊತ್ತಿನ ಲೇಸರ್ ಪ್ರಿಂಟರ್ ಪುಟ ಕಟ್ಟುವ ಕೆಲಸವನ್ನು ಸಣ್ಣ ಕಚೇರಿಗಳ ಮೇಜಿಗೂ ತಂದವು. ಪತ್ರಿಕೆಗಳಲ್ಲೂ ಇಡೀ ಪುಟ ಪರದೆಯ ಮೇಲೆಯೇ ಸಿದ್ಧವಾಗತೊಡಗಿದ ಮೇಲೆ ಪೇಸ್ಟ್-ಅಪ್ ಮೇಜುಗಳೂ ಖಾಲಿಯಾದವು. ಮೊದಲ ಕಸುಬು ಬಿಟ್ಟು ಬಂದವರು ಎರಡನೆಯದನ್ನೂ ಬಿಡಬೇಕಾಯಿತು. ಕೆಲವರು ನಿವೃತ್ತಿಗೆ ಹತ್ತಿರವಿದ್ದರು, ಖಾತರಿ ಇದ್ದವರು ಇಡಿಗಂಟು ಪಡೆದು ಹೊರನಡೆದರು.

1852ರಲ್ಲಿ ಹುಟ್ಟಿದ್ದ ಅಮೆರಿಕದ ಆ ಮುದ್ರಣ ಕಾರ್ಮಿಕರ ಸಂಘ 1980ರ ದಶಕದ ಕೊನೆಯ ಹೊತ್ತಿಗೆ ಸಂಪರ್ಕ ಕಾರ್ಮಿಕರ ಸಂಘದಲ್ಲಿ ವಿಲೀನವಾಯಿತು. ಈ ಸಂಪರ್ಕ ಕಾರ್ಮಿಕರ ಸಂಘವನ್ನು ಕಟ್ಟಿದವರು ದೂರವಾಣಿ ನೌಕರರು; ಕರೆ ಜೋಡಿಸುವ ಆಪರೇಟರ್‌ಗಳ ಕೆಲಸವನ್ನು ಸ್ವಯಂಚಾಲಿತ ವಿನಿಮಯ ಕೇಂದ್ರಗಳು ಕಿತ್ತುಕೊಳ್ಳತೊಡಗಿ ಆಗಲೇ ಹಲವು ದಶಕಗಳಾಗಿದ್ದವು.