ಬೋರ್ಡ್ ಹಾಕಿದ್ದೀವಿ, ಸಾಲದಾ?

ಧೂಮಪಾನದ ನಿಯಮ ಪಾಲನೆಯಾಗುತ್ತಿದೆಯಾ ಅಂತ ಪರಿಶೀಲಿಸಲು ಯಾವುದೇ ಆಫೀಸಿಗೆ ಹೋದರೂ ನಾನು ಮೊದಲು ನೋಡುವುದು ‘ಧೂಮಪಾನ ನಿಷೇಧ’ ಅನ್ನುವ ಬೋರ್ಡನ್ನಲ್ಲ. ಸೀದಾ ಹಿಂದಿನ ಮೆಟ್ಟಿಲಿಗೆ ಹೋಗುತ್ತೇನೆ. ಬೆಂಕಿ ಬಿದ್ದಾಗ ಇಳಿದು ಓಡಲಿಕ್ಕೆ ಅಂತ ಇರುತ್ತದಲ್ಲ, ಅದು. ಬಾಗಿಲು ಮುಚ್ಚಿಕೊಳ್ಳದ ಹಾಗೆ ಯಾರೋ ರಟ್ಟಿನ ಚೂರು ಸಿಕ್ಕಿಸಿರುತ್ತಾರೆ. ಕಿಟಕಿಯ ಅಂಚಿನಲ್ಲಿ ಅರ್ಧ ನೀರಿರುವ ಬಾಟಲಿ, ಒಳಗೆ ನೆಂದು ಉಬ್ಬಿದ ಸಿಗರೇಟು ತುಂಡುಗಳು. ನನ್ನ ಅರ್ಧ ವರದಿ ಅಲ್ಲೇ ಸಿದ್ಧ.

ತೋರಿಸಿದರೆ ಮಾಲೀಕರು ಹೇಳುವುದು ಒಂದೇ ಮಾತು: ‘ನಾವು ಬೋರ್ಡ್ ಹಾಕಿದ್ದೀವಲ್ಲ!’ ಆದರೆ ಬಹಳಷ್ಟು ದೇಶಗಳ ಕಾನೂನಿನಲ್ಲಿ ಸೇದಿದವರ ಜೊತೆಗೆ ಜಾಗ ನೋಡಿಕೊಳ್ಳುವವರೂ ಹೊಣೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 8ನೇ ವಿಧಿಗೆ 2007ರಲ್ಲಿ ಒಪ್ಪಿಗೆ ಪಡೆದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಫಲಕ ಹಾಕಬೇಕು, ಆಶ್‌ಟ್ರೇ ತೆಗೆಸಬೇಕು, ನಿಯಮ ಪಾಲನೆಯಾಗುತ್ತಿದೆಯಾ ಅಂತ ನೋಡಬೇಕು, ಸೇದುವವರನ್ನು ತಡೆಯಬೇಕು. ಬೋರ್ಡ್ ಇದರಲ್ಲಿ ಒಂದು ಕೆಲಸ, ಅದೂ ಎಲ್ಲಕ್ಕಿಂತ ಸುಲಭದ್ದು.

‘ಹಾಗಾದ್ರೆ ಒಂದು ಸ್ಮೋಕಿಂಗ್ ರೂಮ್ ಮಾಡಿಬಿಡೋಣ, ಒಳ್ಳೆ ಫ್ಯಾನ್ ಹಾಕೋಣ’ ಎನ್ನುತ್ತಾರೆ. ಕೆಲವು ಕಡೆ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ, ನಿಜ. ಅಂಥ ರೂಮ್ ಈಗಾಗಲೇ ಇರುವ ಕಡೆ ನಾನು ಜೇಬಿನಿಂದ ಟಿಶ್ಯೂ ಕಾಗದ ತೆಗೆದು, ತೆಳ್ಳಗೆ ಸೀಳಿ, ಬಾಗಿಲ ಸಂದಿಗೆ ಹಿಡಿಯುತ್ತೇನೆ. ಬಾಗಿಲು ಮುಚ್ಚಿದ್ದಾಗ ಚೂರು ರೂಮಿನ ಕಡೆಗೆ ಬಾಗುತ್ತದೆ. ಗಾಳಿ ಒಳಕ್ಕೆ ಹೋಗುತ್ತಿದೆ, ಸರಿ. ಯಾರೋ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಚೂರು ಪಟ್ಟನೆ ನಮ್ಮ ಕಡೆಗೆ ತಿರುಗುತ್ತದೆ. ಅವರ ಬೆನ್ನಿಗೇ ಹೊಗೆ ಬಂತು! ದಿನಕ್ಕೆ ಎಷ್ಟು ಸಲ ಆ ಬಾಗಿಲು ತೆರೆಯುತ್ತೆ, ಲೆಕ್ಕ ಹಾಕಿ ನೋಡಿ. ಬೇರೆಯವರ ಹೊಗೆ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಪರವಾಗಿ ಜನರ ಆರೋಗ್ಯದ ಬಗ್ಗೆ ಮಾತಾಡುವ ಮುಖ್ಯ ವೈದ್ಯಾಧಿಕಾರಿ) ವರದಿ 2006ರಲ್ಲೇ ಹೇಳಿದೆ. ಫ್ಯಾನು, ಫಿಲ್ಟರುಗಳಿಂದ ಇದು ಬಗೆಹರಿಯುವುದಿಲ್ಲ ಅಂತಲೂ ಹೇಳಿದೆ. ರೂಮಿಗೆ ಸುರಿಯುವ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಆ ರೂಮನ್ನು ದಿನಾ ಗುಡಿಸುವವರ ಮಾತು ಯಾರೂ ಎತ್ತುವುದೇ ಇಲ್ಲ, ಅಲ್ವಾ?

ಇನ್ನೊಂದು ಮುಜುಗರದ ಜಾಗ ಬಾಸ್ ಕ್ಯಾಬಿನ್. ಒಂದು ಕಂಪನಿಯಲ್ಲಿ ನಿಯಮದ ಕರಡನ್ನು ನನ್ನ ಕೈಗೆ ಕೊಟ್ಟವರ ಮೇಜಿನ ಮೇಲೇ ಆಶ್‌ಟ್ರೇ ಇತ್ತು. ‘ಇದು ಗೆಸ್ಟ್‌ಗಳಿಗೆ’ ಎಂದರು. ಕ್ಯಾಬಿನ್ನಿನ ಎಸಿ ನಾಳ ಪಕ್ಕದ ಅಕೌಂಟ್ಸ್ ವಿಭಾಗದ ಮೇಲೇ ಹಾದುಹೋಗಿತ್ತು. ಆಶ್‌ಟ್ರೇ ಹೋಗುವವರೆಗೆ ಸಿಬ್ಬಂದಿಗೆ ಒಂದು ಮಾತೂ ಹೇಳಬೇಡಿ ಅಂದೆ.

ಆಮೇಲೆ ಹೊರಗಡೆ. ಬಾಗಿಲ ಪಕ್ಕ ಬೂದಿ ಡಬ್ಬಿ ಇಟ್ಟರೆ ಜನ ಅಲ್ಲೇ ನಿಲ್ಲುತ್ತಾರೆ, ಸುಮ್ನೆ ಬೈದು ಪ್ರಯೋಜನವಿಲ್ಲ. ಕಟ್ಟಡ ಗಾಳಿ ಎಳೆದುಕೊಳ್ಳುವ ಕಿಂಡಿ ಎಲ್ಲಿದೆ ಅಂತ ಹುಡುಕಿ, ಅದರಿಂದಲೂ ಬಾಗಿಲಿಂದಲೂ ದೂರಕ್ಕೆ ಡಬ್ಬಿ ಒಯ್ಯಿರಿ. ಆ ಕಂಪನಿಯಲ್ಲಿ ಡಬ್ಬಿಯನ್ನು ಗೇಟಿನ ಆಚೆ ಇಟ್ಟ ಮೊದಲ ವಾರ ಗೊಣಗಾಟ ಜಾಸ್ತಿ ಇತ್ತು. ಎರಡನೇ ವಾರ ಹೋದಾಗ ಮೆಟ್ಟಿಲ ಬಾಗಿಲು ಮುಚ್ಚಿತ್ತು. ರಟ್ಟಿನ ಚೂರು ಮಾತ್ರ ಇನ್ನೂ ಅಲ್ಲೇ ನೆಲದ ಮೇಲಿತ್ತು.